ಆಂಟೆನಾ ಹಿಡಿಯುವ ಗಂಡ

ಸಂಜೆ ಧಾರಾವಾಹಿ ಶುರುವಾಯಿತೆಂದರೆ ಹಾಲಪ್ಪ ತಾರಸಿ ಹತ್ತಿ ಆಂಟೆನಾ ಹಿಡಿದು ನಿಲ್ಲಬೇಕಿತ್ತು. ಕೆಳಗಿನಿಂದ ಹೆಂಡತಿ "ಬಂತು, ಬಂತು! ಅಯ್ಯೋ, ಹೋಯ್ತು!" ಎಂದು ಕೂಗಿದಂತೆಲ್ಲ ಅದನ್ನು ತಿರುಗಿಸಬೇಕಿತ್ತು. ಅಕ್ಕಪಕ್ಕದ ತಾರಸಿಗಳಲ್ಲೂ ಗಂಡಂದಿರು ಹಾಗೇ ನಿಂತಿರುತ್ತಿದ್ದರು. ಒಂದು ಕೈಯಲ್ಲಿ ಆಂಟೆನಾ, ಇನ್ನೊಂದರಲ್ಲಿ ಬೀಡಿ, ಮಾತಿಗಂತೂ ಬರವಿಲ್ಲ. ಹಾಲಪ್ಪನ ಪಾಲಿಗೆ ಸ್ವರ್ಗ ಇದ್ದದ್ದು ಅಲ್ಲೇ.

ಅಷ್ಟರಲ್ಲಿ ಎಲ್ಲರ ಮನೆಯ ಟೀವಿಯೂ ಡಿಜಿಟಲ್ ಆಗಲೇಬೇಕು ಎಂದು ಸರ್ಕಾರದ ಅಪ್ಪಣೆಯಾಯಿತು. ಸೆಟ್‌ಟಾಪ್ ಬಾಕ್ಸ್ ಕೂರಿಸಲು ಬಂದ ಮೆಕ್ಯಾನಿಕ್ ಕೆಲಸ ಮುಗಿಸಿ ಕೈ ಒರೆಸಿಕೊಂಡ.

"ಇನ್ನು ಆ ಆಂಟೆನಾ ಗುಜರಿಗೆ ಹಾಕಿ ಸಾರ್. ಆರಾಮಾಗಿ ಅಮ್ಮಾವ್ರ ಪಕ್ಕ ಕೂತು ಸೀರಿಯಲ್ ನೋಡಿ."

ಹಾಲಪ್ಪ ಮೆಕ್ಯಾನಿಕ್‌ನನ್ನು ಮೂಲೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದ.

"ನಿನ್ನ ಕಾಲಿಗೆ ಬೀಳ್ತೀನಿ ಮಾರಾಯ. ಬಾಕ್ಸ್ ಬಂದ್ರೂ ಯಾರಾದ್ರೂ ಮೇಲೆ ಆಂಟೆನಾ ಹಿಡ್ಕೊಂಡೇ ನಿಂತಿರ್ಬೇಕು ಅಂತ ನನ್ನ ಹೆಂಡ್ತಿಗೆ ಹೇಳಿಬಿಡು."

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ.

"ಥೂ, ನನ್ನ ಮರೆವಿಗಿಷ್ಟು! ನಿಮಗೆ ಅದನ್ನೇ ಹೇಳಬೇಕು ಅಂತ ಅಮ್ಮಾವ್ರು ಗೇಟಿನ ಹತ್ರಾನೇ ಕೈ ಮುಗಿದು ಕೇಳ್ಕೊಂಡಿದ್ರು ಸಾರ್."