ಅಪ್ಪನ ಎಕ್ಕಡ

ಮಗ ತಂದ ಹೊಸ ಎಕ್ಕಡ ಮೆಟ್ಟಿಕೊಂಡು ಲಿಂಗಯ್ಯ ಮನೆಯ ಮುಂದೆ ಆ ತುದಿಯಿಂದ ಈ ತುದಿಯವರೆಗೆ ಗತ್ತಿನಿಂದ ನಡೆದ. ಹೆಬ್ಬೆರಳಿಗೆ ಒತ್ತಲಿಲ್ಲ, ಹಿಮ್ಮಡಿ ಜಾರಲಿಲ್ಲ. ಅಪ್ಪನ ಮುಖ ಅರಳಿದ್ದು ಕಂಡು ಚಿಕ್ಕಣ್ಣನಿಗೆ ಹೋದ ಜೀವ ಬಂದಂತಾಯಿತು. ಬಂಡೂರಿನಲ್ಲಿ ಕುರಿ ಕದ್ದು ಸಿಕ್ಕಿಬಿದ್ದು, ಹುಡುಗರ ಜೈಲಿನಲ್ಲಿ ಎರಡು ವರ್ಷ ಕಳೆದು, ಆಗಷ್ಟೇ ಮಳವಳ್ಳಿಯಲ್ಲಿ ಬಸ್ಸಿಳಿದು ನಡೆದು ಬಂದಿದ್ದ ಅವನು. ಕಳ್ಳನಿಗೆ ಮನೆಯಲ್ಲಿ ಜಾಗ ಉಂಟೋ ಇಲ್ಲವೋ ಎಂದು ದಾರಿಯುದ್ದಕ್ಕೂ ಅಂಜಿಕೊಂಡೇ ಬಂದಿದ್ದ.

"ಯಾವ ಅಂಗ್ಡೀಲಿ ತಂದ್ಯೋ ಮಗ? ಅಳತೆ ಕೊಟ್ಟಂಗೆ ಕೂತವಲ್ಲ!"

"ಅಂಗ್ಡೀವಲ್ಲ ಕಣಪ್ಪ, ನಾನೇ ಒಲ್ದಿದ್ದು. ನಿನ್ ಪಾದ ನಂಗೆ ಮರ್ತೋಯ್ತದಾ?" ಚಿಕ್ಕಣ್ಣ ಉಬ್ಬಿಹೋದ. "ಅಲ್ಲಿ ಅಕ್ಸರ ಕಲಿಸುದ್ರು, ಚರ್ಮದ ಕೆಲ್ಸಾನೂ ಕಲಿಸುದ್ರು. ಯುದ್ದದ ಸಿಪಾಯಿಗಳ್ಗೆ ಬೂಟು ಒಲಿಯೋದ್ರಲ್ಲಿ ನಂದೇ ಎತ್ತಿದ ಕೈ. ಮಂಡ್ಯದಲ್ಲಿ ಬೂಟಿನಂಗ್ಡಿ ಇಟ್ಟಿರೋ ನಯಾಜ್ ಪಾಷಾ ಸಾಬ್ರು, ಸೋಮ್ವಾರದಿಂದ ಕೆಲ್ಸಕ್ಕೆ ಬಾ ಅಂದವ್ರೆ."

ಲಿಂಗಯ್ಯ ಹಾವು ತುಳಿದವನಂತೆ ಎಕ್ಕಡ ಒದರಿ ದೂರ ನಿಂತ. ಬಾಗಿಲಲ್ಲಿದ್ದ ಅವ್ವ ಚಲುವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೈಕಸುಬು ಕಲಿತು ಬಂದ ಮಗನನ್ನು ಹೆತ್ತವರು ಹೀಗೆ ನೋಡುತ್ತಾರೆಂದು ಚಿಕ್ಕಣ್ಣ ಕನಸಿನಲ್ಲೂ ಎಣಿಸಿರಲಿಲ್ಲ.

"ಗೌಡ್ರ ಮನೇಲಿ ಉಟ್ಟಿ ಚರ್ಮ ಒಲ್ದು ಬಂದ್ಯೇನ್ಲಾ?" ಲಿಂಗಯ್ಯನ ದನಿ ಕೀರಲಾಯಿತು. "ಊರೋರು ಇನ್ ನಮ್ಗೆ ನೀರು, ಬೆಂಕಿ ಕೊಟ್ಟಾರಾ? ನಿನ್ ತಂಗಿ ಇಂದ್ರೀನ ಯಾರ್ಲಾ ಕಟ್ಕತಾರೆ?"

"ಮೈ ಬಗ್ಸಿ ದುಡಿಯೋ ಕೆಲ್ಸ ಕಣಪ್ಪ..."

"ಒಳೀಕೆ ಬರ್ಬೇಡ ನೀನು," ಎಂದಳು ಚಲುವಮ್ಮ. ಅಂದು ಕುರಿ ಕದ್ದ ಮಗನನ್ನು ಬಿಡಿಸಿಕೊಳ್ಳಲು ಪೊಲೀಸರ ಕಾಲಿಗೆ ಬಿದ್ದು ಅತ್ತಿದ್ದವಳೂ ಇವಳೇ.

ಅಷ್ಟರಲ್ಲಿ ಪಕ್ಕದ ಮನೆಯ ದೇವಿರಮ್ಮ ಒಲೆ ಹಚ್ಚಲು ಕೆಂಡ ಕೇಳಿಕೊಂಡು ಬಂದಳು. ಬೀದಿಯಲ್ಲಿ ಚೆಲ್ಲಿಬಿದ್ದ ಎಕ್ಕಡದ ಮೇಲೆ ಅವಳ ಕಣ್ಣು ಬಿತ್ತು.

"ಅಯ್, ಒಸಾವು! ಎಲ್ಲಿಂದ ತಂದ್ಯೋ ಚಿಕ್ಕಣ್ಣ?"

ಚಿಕ್ಕಣ್ಣ ಬಾಯಿ ತೆರೆಯುವ ಮೊದಲೇ ಲಿಂಗಯ್ಯ ಅಡ್ಡಬಂದ. "ಎಲ್ಲಿಂದ ತಂದಾನು? ಕದ್ಕಂಡ್ ಬಂದವ್ನೆ ಕಣಮ್ಮ. ಅಳೇ ಚಾಳಿ ಬುಟ್ಟಾದಾ?"

ಚಿಕ್ಕಣ್ಣ ಅಪ್ಪನ ಮುಖ ನೋಡಿದ, ಅವ್ವನ ಮುಖ ನೋಡಿದ.

ದೇವಿರಮ್ಮ ಲೊಚಗುಟ್ಟಿದಳು. "ಉಡುಗ್ಬುದ್ದಿ, ಬುಡಣ್ಣ. ಮುಂದೆ ಸರಿ ಓಯ್ತಾನೆ," ಎಂದು ಒಳಗೆ ಹೋಗಿ, ಒಲೆಯಿಂದ ಕೆಂಡ ತುಂಬಿಕೊಂಡು ತನ್ನ ಪಾಡಿಗೆ ತಾನು ಹೊರಟುಹೋದಳು.

ಅವಳು ಮರೆಯಾದ ಮೇಲೆ ಚಲುವಮ್ಮ ನೆಮ್ಮದಿಯ ಉಸಿರು ಬಿಟ್ಟು, ಮಗನ ತಲೆ ಸವರಿದಳು.

"ಬಾ ಮಗ, ಒಳೀಕ್ ಬಾ. ಮುದ್ದೆ ಆರೋಯ್ತದೆ."