ಮುರಿದ ಕ್ಯಾರಿಯರ್

ಟಣ್ಣೆಂದು ಸದ್ದಾಯಿತು. ಮರುಗಳಿಗೆಯೇ ಹಿಂದಿನ ಚೀಲಗಳೆರಡೂ ಚಕ್ರದ ಮೇಲೆ ಕುಸಿದು ಸೈಕಲ್ ಜಲ್ಲಿಯ ಮೇಲೆ ಅಡ್ಡ ಬಿತ್ತು. ಲುತ್ಫಿ ತರಚಿದ ಮೊಣಕೈಯನ್ನೂ ನೋಡಿಕೊಳ್ಳಲಿಲ್ಲ. ಮೊದಲು ತಿರುಗಿ ಬಂದ ದಾರಿ ನೋಡಿದ. ಯಾರೂ ಇರಲಿಲ್ಲ. ಆಮೇಲೆ ಕ್ಯಾರಿಯರ್ ನೋಡಿದ. ಕಂಬಿ ಎರಡು ತುಂಡಾಗಿತ್ತು.

ಮುರಿಯದೆ ಇನ್ನೇನು? ದಾರಿಯುದ್ದಕ್ಕೂ ಕಲ್ಲು, ಕುಳಿ, ಮರಳು. ಮೇಲೆ ಮೂವತ್ತು ಕಿಲೋ ಹೊರೆ. ಹೊರೆಯೂ ಅವನದಲ್ಲ, ಸೈಕಲ್ಲೂ ಅವನದಲ್ಲ. ಗಣಿಯ ಕೆಲಸ ಬಿಟ್ಟು ಅಕಾಬಾ ಬಂದರಿಗೆ ನಡೆದೇ ಹೊರಟಿದ್ದ. ನಿನ್ನೆ ಮಧ್ಯಾಹ್ನ, ಬಾಟಲಿಯಲ್ಲಿ ಹನಿ ನೀರಿಲ್ಲದ ಹೊತ್ತಿಗೆ, ಕಣಿವೆಯಲ್ಲಿ ಈ ಸೈಕಲ್ ಬಂಡೆಗೊರಗಿ ನಿಂತಿತ್ತು. ಮಾಲೀಕ ಮುಖದ ಮೇಲೆ ರುಮಾಲು ಹಾಕಿಕೊಂಡು ನೆರಳಲ್ಲಿ ನಿದ್ದೆ ಹೋಗಿದ್ದ. ಊದಿದ ಪಾದಕ್ಕೆ ಬಟ್ಟೆ ಬಿಗಿದಿತ್ತು. ನೀರು, ರೊಟ್ಟಿ, ಫೋನು ಎಲ್ಲವೂ ಚೀಲದಲ್ಲಿದ್ದವು. ಎಬ್ಬಿಸಿ ಕೇಳಿದ್ದರೆ ಕೊಡುತ್ತಿದ್ದನೇನೋ. ಲುತ್ಫಿ ಕೇಳಲಿಲ್ಲ. ಫೋನನ್ನು ದಾರಿಯಲ್ಲಿ ಎಸೆದ. 'ಅವನಿಗೇನು ಕಾಲಿಲ್ಲವೇ, ನಡೆದು ಬರುತ್ತಾನೆ' ಎಂದು ತನಗೆ ತಾನೇ ಹೇಳಿಕೊಂಡ.

"ಬಿದ್ಯಾ ಮಗಾ?"

ಮೇಕೆಗಳ ಹಿಂದಿನಿಂದ ಮುದುಕನೊಬ್ಬ ಬಂದ. ಅಬು ಫಲಾಹ್ ಅಂತ ಹೆಸರು. ಸೈಕಲ್ ನೋಡಿದ, ಲುತ್ಫಿಯನ್ನು ನೋಡಿದ, ಮತ್ತೆ ಸೈಕಲ್ ನೋಡಿದ. ಲುತ್ಫಿ ಸೈಕಲ್ಲಿಗೆ ಅಡ್ಡ ನಿಂತ. ಮುದುಕ ಮಾತ್ರ ಚೀಲಗಳನ್ನು ಹೆಗಲಿಗೇರಿಸಿ, "ಡೇರೆ ಇಲ್ಲೇ ಇದೆ, ಬಾ. ಟೀ ಕುಡಿ," ಎಂದ.

ಒಂದು ಲೋಟ ಟೀ ಕುಡಿದು ಜಾಗ ಖಾಲಿ ಮಾಡುವುದು ಲುತ್ಫಿಯ ಲೆಕ್ಕ. ಅಷ್ಟರಲ್ಲಿ ಮುದುಕ ಕ್ಯಾರಿಯರ್ ಬಿಚ್ಚಿ ಒಳಗಿಟ್ಟಾಗಿತ್ತು.

"ವೆಲ್ಡಿಂಗ್‌ನೋನಿಗೆ ಹೇಳಿ ಕಳಿಸ್ತೀನಿ. ಬರೋಕೆ ಮೂರು ದಿನ ಆಗತ್ತೆ."

"ಬೇಡ ದೊಡ್ಡಪ್ಪಾ, ಹಗ್ಗ ಕಟ್ಕೊಂಡು ಹೋಗ್ತೀನಿ."

"ಈ ದಾರೀಲಿ ಹಗ್ಗ ಎಷ್ಟೊತ್ತು ತಡೆಯತ್ತೆ? ಅತಿಥಿ ನಮ್ಮನೆಯಿಂದ ಮುರುಕು ಸೈಕಲ್ ತಳ್ಕೊಂಡು ಹೋದ ಅಂದ್ರೆ ಊರವ್ರು ನನ್ನ ಮುಖಕ್ಕೆ ಉಗೀತಾರೆ."

ಹೊರೆ ಬಿಟ್ಟು ನಡೆದುಹೋದರೆ ಅನುಮಾನ ಬರುತ್ತದೆ. ಕೂತರೆ ಹಿಂದಿನಿಂದ ಮಾಲೀಕ ಬಂದಾನು. ಬಿಸಿ ತುಪ್ಪ ಬಾಯಿಗೆ ಬಿದ್ದವನ ಪಾಡು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಮುದುಕ ಮೇಕೆ ಕಡಿಸಿದ. ಅನ್ನದ ಮೇಲೆ ಮಾಂಸ ಬಂತು. ಒಳ್ಳೊಳ್ಳೆ ತುಂಡುಗಳೆಲ್ಲ ಲುತ್ಫಿಯ ಕಡೆಗೇ ಸರಿದವು.  ಮುದುಕನ ಹೆಂಡತಿ ಉಮ್ ಫಲಾಹ್ ಡೇರೆಯ ಬಾಗಿಲಲ್ಲಿ ಕೂತು ಸೈಕಲ್ ಬಿದ್ದಾಗ ಹರಿದಿದ್ದ ಚೀಲ ಹೊಲಿದಳು. ನಾಲ್ಕು ಹೊಲಿಗೆಗೊಮ್ಮೆ ತಲೆಯೆತ್ತಿ ದಾರಿ ನೋಡುತ್ತಿದ್ದಳು.

"ಯಾಕೆ ದೊಡ್ಡಮ್ಮಾ ಇಷ್ಟೆಲ್ಲ ಕಷ್ಟ?"

"ಈ ಸೈಕಲ್ ಮೇಲೆ ಬಂದೋನಿಗೆ ನಮ್ಮನೇಲಿ ಏನೂ ಕಮ್ಮಿ ಆಗಬಾರದಪ್ಪ."

ಎಂಥಾ ಪೆದ್ದರು ಎಂದುಕೊಂಡ ಲುತ್ಫಿ. ಎಲ್ಲಿಂದ ಬಂದೆ ಅಂತಿಲ್ಲ, ಎಲ್ಲಿಗೆ ಅಂತಿಲ್ಲ. ಅವನ ಹೆಸರನ್ನೂ ಯಾರೂ ಕೇಳಲಿಲ್ಲ. ಜೋಡಿಸಿಟ್ಟುಕೊಂಡಿದ್ದ ಸುಳ್ಳುಗಳೆಲ್ಲ ಹೊಟ್ಟೆಯಲ್ಲೇ ಹಳಸಿದವು. ಆದರೂ ನಾಯಿ ಬೊಗಳಿದರೆ ಬೆಚ್ಚುತ್ತಿದ್ದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳದೆ ಇದ್ದಾನೆಯೇ? ಡೇರೆಯಲ್ಲಿ ಗೋಡೆಯಿಲ್ಲ, ಬೀಗವಿಲ್ಲ. ಜೈಲಿನಲ್ಲಿದ್ದರೂ ಇಷ್ಟು ಬೆವರುತ್ತಿರಲಿಲ್ಲ.

ಮೂರನೆಯ ಸಂಜೆ ವೆಲ್ಡಿಂಗ್‌ನವನು ಬಂದು ಕಂಬಿ ಬೆಸೆದುಕೊಟ್ಟ. ನಾಲ್ಕನೆಯ ಬೆಳಿಗ್ಗೆ ಮುದುಕ ತಾನೇ ಬೋಲ್ಟು ಬಿಗಿದ. ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಭಾರ ಸರಿತೂಗಿಸಿ ಚೀಲ ಕಟ್ಟಿದ. ಯಾವ ಕೊಕ್ಕೆ ಎಲ್ಲಿಗೆ ಅಂತ ಲುತ್ಫಿಗೇ ಗೊತ್ತಿರಲಿಲ್ಲ. ಮುದುಕನ ಕೈ ತಡವರಿಸಲಿಲ್ಲ. ಗಂಡಹೆಂಡಿರಿಬ್ಬರೂ ದಾರಿಯವರೆಗೆ ಬಂದರು. ಬದುಕಿದೆಯಾ ಬಡಜೀವವೇ ಎಂದುಕೊಂಡು ಲುತ್ಫಿ ಪೆಡಲ್ ಮೇಲೆ ಕಾಲಿಟ್ಟ.

ಅಬು ಫಲಾಹ್ ಹ್ಯಾಂಡಲ್ ಹಿಡಿದುಕೊಂಡ.

"ಒಂದು ನಿಮಿಷ ಮಗಾ. ಮನೆಗೆ ಬಂದೋರನ್ನ ಮೂರು ದಿನ ಏನೂ ಕೇಳಬಾರದು ಅಂತ ನಮ್ಮ ಹಿರೀಕರು ಮಾಡಿಟ್ಟಿದಾರೆ. ಇವಳು ಮೂರು ರಾತ್ರಿ ಕಣ್ಣು ಮುಚ್ಚಿಲ್ಲ. ಆದ್ರೂ ಬಾಯಿ ಬಿಡಲಿಲ್ಲ. ನಿನ್ನೆಗೆ ಮೂರು ದಿನ ಮುಗೀತು."

ಉಮ್ ಫಲಾಹ್ ತಲೆವಸ್ತ್ರದ ತುದಿ ಬಾಯಿಗೊತ್ತಿಕೊಂಡು ಲುತ್ಫಿಯ ಮುಖವನ್ನೇ ನೋಡುತ್ತಿದ್ದಳು.

"ತನ್ನ ಸೈಕಲ್ಲನ್ನೇ ಕೊಟ್ಟು ಕಳಿಸಿದಾನೆ ಅಂದ್ರೆ ಅವನು ನಿನ್ನನ್ನ ಬಹಳ ನಂಬಿರಬೇಕು. ಈಗ ಹೇಳಪ್ಪಾ, ನಮ್ಮ ಮಗ ಫಲಾಹ್‌ನ ಎಲ್ಲಿ ಬಿಟ್ಟು ಬಂದೆ?"