ಮುಚ್ಚಿದ ಅಂಚು

ಅಪ್ಪ ಹಿತ್ತಲಿನ ಹುಲ್ಲಿನ ಮೇಲೆ ನೆಟ್ಟಗೆ ನಡೆದು ಬಂದವರು ಹಾಗೆಯೇ ಕೊಳದೊಳಗೆ ಕಾಲಿಟ್ಟರು. ಒಂದು ಕಾಲು ಮೊಣಕಾಲಿನ ತನಕ ನೀರಿನಲ್ಲಿ, ಇನ್ನೊಂದು ದಡದ ಮೇಲೆ. ಪಾಲಿಶ್ ಹಾಕಿದ ಬೂಟು, ಇಸ್ತ್ರಿ ಮಾಡಿದ ಪ್ಯಾಂಟು, ಎಲ್ಲ ಒದ್ದೆ.

ಹಿಂಬಾಗಿಲ ಮೆಟ್ಟಿಲ ಮೇಲೆ ಟೀ ಕುಡಿಯುತ್ತ ಕೂತಿದ್ದ ಮಗಳಿಗೆ ಮೊದಲು ನಗು ಬಂತು. ಕೊಳ ತೋಡಿ ಎರಡು ತಿಂಗಳಾಗಿತ್ತು. ಒಳಗೆ ಹಾಸಿದ ರಬ್ಬರ್ ಶೀಟಿನ ಅಂಚು ಮಾತ್ರ ಸುತ್ತಲೂ ಕಪ್ಪಗೆ ಸುರುಟಿಕೊಂಡು, ಹಳೇ ಟಯರು ಬಿದ್ದ ಹಾಗೆ ಕಾಣುತ್ತಿತ್ತು. ಶನಿವಾರ, ಭಾನುವಾರ ಎರಡೂ ದಿನ ಮೊಣಕಾಲೂರಿ ಕೂತು ಅವಳು ಅದಕ್ಕೊಂದು ಗತಿ ಕಾಣಿಸಿದ್ದಳು. ಹೆಚ್ಚಾದ ಶೀಟು ಕತ್ತರಿಸಿ, ಉಳಿದದ್ದನ್ನು ನೀರಿನ ಮಟ್ಟಕ್ಕಿಂತ ಮೇಲೆ ಬರುವಂತೆ ಸುತ್ತ ಜೋಡಿಸಿದ ಕಲ್ಲುಗಳ ಬೆನ್ನಿಗೆ ನಿಲ್ಲಿಸಿ, ಹಿಂದೆ ಮಣ್ಣು ತುಂಬಿ, ಅದರ ಮೇಲೆ ಬೇರುಸಮೇತ ಎಬ್ಬಿಸಿ ತಂದ ಹುಲ್ಲನ್ನು ನೀರಿನ ಬಾಯಿಯವರೆಗೂ ಹಾಸಿದ್ದಳು. ನೀರಿನ ಮೇಲೆ ತೇಲುವ ಎಲೆಗಳೂ ಹಸಿರು, ಸುತ್ತಲ ನೆಲವೂ ಹಸಿರು. ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು, ಅಷ್ಟು ನಾಜೂಕು.

"ಇದನ್ನ ಯಾರು ಮುಚ್ಚಿದ್ದು?" ಅಪ್ಪ ನೀರಿನಲ್ಲಿ ನಿಂತೇ ಗದರಿದರು.

"ನಾನೇ. ಚೆನ್ನಾಗಿಲ್ವಾ?"

"ಚೆನ್ನಂತೆ ಚೆನ್ನ. ಮೊನ್ನೆ ತನಕ ಕರೀ ಪಟ್ಟಿ ಇತ್ತು. ಅದನ್ನ ನೋಡ್ಕೊಂಡು ಪಕ್ಕದಲ್ಲಿ ಹೋಗ್ತಿದ್ದೆ. ಹೇಳದೆ ಕೇಳದೆ ಮುಚ್ಚಿಬಿಟ್ರೆ ಮನುಷ್ಯ ಎಲ್ಲಿ ಕಾಲಿಡ್ಬೇಕು?"

ಮಗಳ ನಗು ನಿಂತಿತು. "ಪಟ್ಟಿ ಯಾಕೆ ಬೇಕು ಅಪ್ಪಾ? ನೀರು ಕಾಣಲ್ವಾ ನಿಮಗೆ?"

ಅಪ್ಪ ಬಗ್ಗಿ, ದಡ ಎಲ್ಲಿದೆಯೆಂದು ಎರಡೂ ಕೈಯಲ್ಲಿ ತಡವಿಕೊಂಡು ಮೇಲೆ ಹತ್ತಿದರು. ಅದನ್ನು ನೋಡುತ್ತ ಅವಳಿಗೆ ಒಂದೊಂದೇ ನೆನಪಾಯಿತು. ಬರೀ ಸುಳ್ಳು ಬರೀತಾರೆ ಅಂತ ಪೇಪರು ಬಿಡಿಸಿದ್ದು. ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡಿದ್ದು. ಸಾರಿಗೆ ಮೆಣಸಿನಪುಡಿ ಜಾಸ್ತಿ ಸುರಿದು ಡಬ್ಬಿ ಮಾಡಿದವನಿಗೆ ಬೈದಿದ್ದು. ದಿನಾ ಎಂಟು ಗಂಟೆಗೆ ಮೊಮ್ಮಗಳನ್ನು ಕಾರಿನಲ್ಲಿ ಶಾಲೆಗೆ ಬಿಟ್ಟು ಬರುವುದು ಇದೇ ಅಪ್ಪ. ಈಗ ಎಂಟಕ್ಕೆ ಹತ್ತು ನಿಮಿಷ. ಮಗು ಒಳಗೆ ಇನ್ನೊಂದು ಕಾಲುಚೀಲ ಹುಡುಕುತ್ತಿತ್ತು.

"ಹಾಗಾದ್ರೆ ಗಾಡಿ ಹ್ಯಾಗೆ ಓಡಿಸ್ತೀರಿ?"

"ರಸ್ತೆಗೆ ಬಿಳಿ ಗೆರೆ ಎಳೆದಿರ್ತಾರಲ್ಲ. ಅದನ್ನ ಹಿಡ್ಕೊಂಡು ಹೋದ್ರೆ ಆಯ್ತು."

ಗದ್ದಲ ಕೇಳಿ ಅಮ್ಮ ಟವೆಲ್ಲು ಹಿಡಿದು ಬಂದರು. ಗಂಡನ ಕೈಗೆ ಅದನ್ನು ಕೊಟ್ಟು, ಮಗಳ ಮುಖ ನೋಡಿದರು. "ಅಷ್ಟಕ್ಕೆಲ್ಲ ಯಾಕೆ ಗಾಬರಿ? ನಾನು ಪಕ್ಕದಲ್ಲಿ ಕೂತಿರ್ತೀನಲ್ಲ. ಸಿಗ್ನಲ್ಲು ಕೆಂಪಾದ್ರೆ ಹೇಳ್ತೀನಿ. ಯಾರಾದ್ರೂ ಅಡ್ಡ ಬಂದ್ರೆ ಇವರ ತೊಡೆ ತಟ್ತೀನಿ."

ಅಮ್ಮ ಈಚೆಗೆ ದಿನಾ ಕಾರು ಹತ್ತುವುದು ಮೊಮ್ಮಗಳ ಮೇಲಿನ ಅಕ್ಕರೆಗೆ ಅಂದುಕೊಂಡಿದ್ದಳು ಅವಳು. ಟೀ ಕಪ್ಪನ್ನು ಮೆಟ್ಟಿಲಿಗೆ ಕುಕ್ಕಿದಳು. ಹಿಡಿ ಮುರಿದು ಕೈಗೆ ಬಂತು.

"ಎಷ್ಟು ದಿನದಿಂದ?"

"ಮೂರು ತಿಂಗಳಾಯ್ತು. ಹೋದ ನೋಟ ವಾಪಸ್ ಬರಲ್ಲ ಅಂದಿದಾರೆ ಡಾಕ್ಟರು. ಗಾಡೀನೂ ಬಿಡಿ ಅಂದ್ರೆ ಇವರು ಮೂಲೆ ಹಿಡೀತಾರೆ ಕಣೇ."

"ಇವರು ಮೂಲೆ ಹಿಡೀಬಾರ್ದು ಅಂತ ನನ್ನ ಮಗಳನ್ನ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಹೋದ್ರಾ? ನನಗೆ ಒಂದು ಮಾತು ಹೇಳೋಕೆ ನಿನಗೆ ಬಾಯಿ ಬರಲಿಲ್ವಾ ಅಮ್ಮ?"

ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು. ಅಪ್ಪ ಟವೆಲ್ಲನ್ನು ಹುಲ್ಲಿನ ಮೇಲೆ ಒಗೆದರು. "ಅವಳನ್ನೇನು ಕೇಳ್ತೀಯ? ನನ್ನ ಕೇಳು. ಮೂವತ್ತೊಂದು ವರ್ಷ ಬಸ್ಸು ಓಡಿಸಿದೀನಿ. ಒಂದು ಕೋಳಿ ಮೇಲೂ ಹತ್ತಿಸಿದವನಲ್ಲ. ನೀನು ನನಗೆ ಡ್ರೈವಿಂಗ್ ಪಾಠ ಹೇಳ್ತೀಯಾ?"

"ಆ ಮೂವತ್ತೊಂದು ವರ್ಷ ನಿಮಗೆ ಕಣ್ಣಿತ್ತು."

ಆಡಬಾರದ ಮಾತು ಅಂತ ಆಡುವಾಗಲೇ ಗೊತ್ತಿತ್ತು. ಆದರೂ ಸಿಟ್ಟು ಇಳಿಯಲಿಲ್ಲ. ಒಂದು ಸಂಜೆ ಮಗು ಊಟಕ್ಕೆ ಕೂತು, ಇವತ್ತು ತಾತನ ಕಾರು ಯಾರದೋ ಗೇಟಿಗೆ ಮುತ್ತು ಕೊಡ್ತು ಅಂದಾಗ ಎಲ್ಲರ ಜೊತೆ ತಾನೂ ನಕ್ಕಿದ್ದಳು. ಅವಳು ಮೆಟ್ಟಿಲಿಳಿದು ಬಂದು ಅಪ್ಪನ ಎದುರು ಅಂಗೈ ಚಾಚಿದಳು.

"ಕೀಲಿ ಕೊಡಿ. ಇವತ್ತು ನಾನು ಬಿಟ್ಟು ಬರ್ತೀನಿ. ನಾಳೆಯೂ ನಾನೇ. ಇನ್ಮೇಲೆ ಯಾವತ್ತೂ ನಾನೇ."

ಅಪ್ಪ ಅಲ್ಲಾಡಲಿಲ್ಲ. ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗಿನಿಂದ ಮಗು, "ತಾತಾ, ನಾನು ರೆಡಿ" ಎಂದು ಕೂಗಿತು.

"ಕೊಟ್ಬಿಡ್ರೀ," ಎಂದರು ಅಮ್ಮ, ಮೆಲ್ಲಗೆ.

ಅಪ್ಪ ಜೇಬಿಗೆ ಕೈ ಹಾಕಿ ಕೀಲಿ ತೆಗೆದರು. "ತಗೋ," ಎಂದು ಮುಂದೆ ಚಾಚಿ, ಅವಳ ಅಂಗೈಯಿಂದ ಒಂದು ಗೇಣು ಆಚೆ, ಏನೂ ಇಲ್ಲದ ಕಡೆ, ಬೆರಳು ಸಡಿಲಿಸಿದರು. ಅವಳು ಸರಕ್ಕನೆ ಕೈ ಸರಿಸಿದಳು. ಕೀಲಿ ಅಂಗೈ ಮೇಲೆ ಬಿತ್ತು.

"ನೆಟ್ಟಗೆ ನಿನ್ನ ಕೈಗೇ ಹಾಕಿದೆನೋ ಇಲ್ವೋ?" ಎಂದರು ಅಪ್ಪ. "ಈಗ ಹೇಳು, ನನಗೆ ಕಣ್ಣು ಕಾಣಲ್ಲ ಅಂತ."